ಹೆಣ ಸುಟ್ಟವರು ಯಾರು? ಅಗ್ರಹಾರ, ದಿನಸಿ ಅಂಗಡಿ ಮತ್ತು ದೇವನೂರು

ಇವತ್ತಿನ ಎಪಿಸೋಡ್‌ನಲ್ಲಿ ಒಂದು ಹೆಣ ಇದೆ, ಒಂದು ದಿನಸಿ ಅಂಗಡಿ ಇದೆ, ಕೊನೆಗೆ ಒಂದು ಕಳೆದುಹೋದ ಹುಂಜ ಇದೆ. ಮೂರನ್ನೂ ಸೇರಿಸೋದು ಅಸ್ತಿತ್ವವಾದ ಅನ್ನೋ ಪದ. ಹೆದರ್ಬೇಡಿ, ನಾನು ಓದಿದ್ದೂ ಬಿಕಾಂ.

ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಫ್ರಾನ್ಸ್‌ನ ಸಾರ್ತ್ರ್ ಹೇಳಿದ್ದನ್ನ ನಮ್ಮ ಭಾಷೇಲಿ ಹೇಳೋದಾದ್ರೆ ಇಷ್ಟು: ನೀನು ಯಾರು ಅಂತ ಮೊದಲೇ ಬರೆದಿಟ್ಟಿರಲ್ಲ, ನೀನು ಮಾಡೋ ಆಯ್ಕೆಗಳೇ ನೀನು. ಈ ಮಾತು ಕನ್ನಡಕ್ಕೆ ನವ್ಯ ಸಾಹಿತ್ಯದ ಜೊತೆ ಬಂತು. ಶಾಂತಿನಾಥ ದೇಸಾಯಿಯವರ 'ಮುಕ್ತಿ' 1961ರಲ್ಲಿ, ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ. ಮೈಸೂರಲ್ಲಿ ಓದಿದ ಅನಂತಮೂರ್ತಿ ಅದನ್ನ ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೂತು.

ಕಥೆ ಗೊತ್ತಲ್ಲ? ಆಚಾರ ಬಿಟ್ಟ ನಾರಣಪ್ಪ ಸಾಯ್ತಾನೆ, ಅಗ್ರಹಾರದಲ್ಲಿ ಅವನ ಹೆಣ ಸುಡೋರು ಯಾರೂ ಇಲ್ಲ. ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಉತ್ತರ ಹುಡುಕ್ತಾರೆ, ಸಿಗಲ್ಲ. ಆಮೇಲೆ ಚಂದ್ರಿಯ ಜೊತೆ ಕಾಡಿನಲ್ಲಿ ಒಂದು ರಾತ್ರಿ. ಅಲ್ಲಿಂದ ಅವರ ಪ್ರಶ್ನೆಯೇ ಬದಲಾಗುತ್ತೆ: ನಾನು ಯಾರು? ವಿಮರ್ಶಕರು ಪುಟಗಟ್ಟಲೆ ಬರೆದಿದ್ದು ಈ ಪ್ರಶ್ನೆ ಬಗ್ಗೆ.

ನನಗೆ ಕಾಡೋದು ಬೇರೆ. ಹೆಣ ಏನಾಯ್ತು? ಚಂದ್ರಿ ಕತ್ತಲಲ್ಲಿ ಹೋಗಿ ಮೀನು ವ್ಯಾಪಾರಿ ಅಹಮದ್ ಬ್ಯಾರಿಯ ಸಹಾಯ ಕೇಳ್ತಾಳೆ. ಅವನು ಗಾಡಿ ತಂದು ಹೆಣ ಸಾಗಿಸಿ ಸುಟ್ಟು ಹೋಗ್ತಾನೆ. ಅಗ್ರಹಾರಕ್ಕೆ ಗೊತ್ತೇ ಆಗಲ್ಲ. ಆಚಾರ್ಯರಿಗೆ ಆತ್ಮಶೋಧನೆ, ಕೆಲಸ ಮಾಡಿದ್ದು ಇವರಿಬ್ಬರು. ಕಾದಂಬರಿ ಮಾತ್ರ ಆಚಾರ್ಯರ ಹಿಂದೆಯೇ ನಡೆಯುತ್ತೆ.

ಅದೇ ಕಾಲದಲ್ಲಿ ಅಮೆರಿಕದ ಯಹೂದಿ ಲೇಖಕರಿಗೂ ಅಸ್ತಿತ್ವವಾದ ಗೊತ್ತಿತ್ತು. ಆದ್ರೆ ಯುರೋಪಿನಲ್ಲಿ ಅವರ ಜನ 60 ಲಕ್ಷ ಮಂದಿ ಕೊಲೆಯಾಗಿದ್ರು. 'ನಾನು ಯಾರು' ಅಂತ ಕೇಳಿ ಸುಮ್ಮನಾಗೋಕೆ ಆಗ್ತಿರಲಿಲ್ಲ. ಸಾಲ್ ಬೆಲ್ಲೋ 1947ರ 'ದಿ ವಿಕ್ಟಿಮ್'ನಲ್ಲಿ ಕೇಳಿದ್ದು, ಇನ್ನೊಬ್ಬನ ಕಷ್ಟಕ್ಕೆ ನಾನೆಷ್ಟು ಹೊಣೆ ಅಂತ. ಬರ್ನಾರ್ಡ್ ಮಲಮುಡ್ ಅದನ್ನ ದಿನಸಿ ಅಂಗಡಿಗೇ ತಂದುಬಿಟ್ರು. ಅವರಪ್ಪನೂ ಬ್ರೂಕ್ಲಿನ್‌ನಲ್ಲಿ ಅಂಗಡಿ ಇಟ್ಟಿದ್ದೋರು. 1957ರ 'ದಿ ಅಸಿಸ್ಟೆಂಟ್'ನಲ್ಲಿ ಮಾರಿಸ್ ಬೋಬರ್ ಅನ್ನೋ ಬಡ ಅಂಗಡಿಯವನು ಮೂರು ಸೆಂಟ್‌ನ ಬನ್ ಒಂದನ್ನ ಮಾರೋಕೆ ಬೆಳಬೆಳಗ್ಗೆ ಬಾಗಿಲು ತೆಗೀತಾನೆ. ವಾಪಸ್ ಬರಲ್ಲ ಅಂತ ಗೊತ್ತಿದ್ದೂ ಸಾಲ ಬರ್ಕೋತಾನೆ. ಅವನ ಅಂಗಡಿ ದೋಚಿದವರಲ್ಲಿ ಒಬ್ಬ ಫ್ರಾಂಕ್, ಅಲ್ಲೇ ಕೆಲಸಕ್ಕೆ ಸೇರ್ತಾನೆ. ಗಲ್ಲಾದಿಂದ ಕದಿಯೋದು, ಕದ್ದಿದ್ದಕ್ಕೆ ಲೆಕ್ಕ ಇಡೋದು, ಮತ್ತೆ ಒಂದಿಷ್ಟು ಗಲ್ಲಾಕ್ಕೇ ಹಾಕೋದು. ಅಕೌಂಟ್ಸ್ ಓದಿದ ನನಗೆ ಇಡೀ ಪುಸ್ತಕದಲ್ಲಿ ಅತಿ ನಿಜ ಅನ್ಸಿದ್ದು ಆ ಲೆಕ್ಕ. ಯಹೂದಿಗಳಲ್ಲಿ ಬಡವರಿಗೆ ಕೊಡೋದಕ್ಕೆ 'ತ್ಸೆದಾಕಾ' ಅಂತಾರೆ. ಆ ಪದದ ಮೂಲ ದಯೆ ಅಲ್ಲ, ನ್ಯಾಯ. ಕೊಡೋದು ದೊಡ್ಡತನ ಅಲ್ಲ, ಬಾಕಿ ತೀರಿಸೋದು.

ಈಗ ಮೈಸೂರು ಜಿಲ್ಲೆಗೆ ಬರೋಣ. ನಾನು ತಿ. ನರಸೀಪುರದಲ್ಲಿ ಕೂತು ರೆಕಾರ್ಡ್ ಮಾಡ್ತಿದ್ದೀನಿ. ಇಲ್ಲಿ ಕಾವೇರಿ ಸೇರೋ ಕಪಿಲೆ ನಂಜನಗೂಡು ದಾಟಿಯೇ ಬರೋದು. ಆ ನಂಜನಗೂಡು ತಾಲ್ಲೂಕಿನ ದೇವನೂರಲ್ಲಿ 1948ರಲ್ಲಿ ಹುಟ್ಟಿದವರು ದೇವನೂರ ಮಹಾದೇವ. ಮೊದಲ ಕಥಾಸಂಕಲನ 'ದ್ಯಾವನೂರು' ಬಂದದ್ದು 1973ರಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪ ಮೈಸೂರಲ್ಲಿ ಕನ್ನಡ ಸಾಹಿತ್ಯದ ಬಹುಪಾಲನ್ನ 'ಬೂಸಾ' ಅಂದ್ರು. ಗಲಾಟೆ ಎಷ್ಟಾಯ್ತು ಅಂದ್ರೆ ಮಂತ್ರಿ ಸ್ಥಾನವೇ ಹೋಯ್ತು. ದಲಿತ ಸಂಘರ್ಷ ಸಮಿತಿ ಎದ್ದು ಬಂದದ್ದು ಆ ಬಿಸಿಯಿಂದ. ಮಹಾದೇವ ಅದರ ಒಳಗಿದ್ದೋರು.

1970ರ ದಶಕದ ಕೊನೆಯಲ್ಲಿ ಬಂದ ಅವರ 'ಒಡಲಾಳ' ನೋಡಿ. ಸಾಕವ್ವನ ಹುಂಜ ಕಳೆದುಹೋಗಿದೆ, ಹುಡುಕ್ತಿದ್ದಾಳೆ. ರಾತ್ರಿ ಸಾಹುಕಾರ ಎತ್ತಪ್ಪನ ಕಡಲೆಕಾಯಿ ಮನೆಗೆ ಬರುತ್ತೆ. ಮಕ್ಕಳು ಮರಿ ಎಲ್ಲಾ ಸುತ್ತ ಕೂತು ತಿಂತಾರೆ, ಸಿಪ್ಪೆ ಒಲೆಗೆ. ಆಮೇಲೆ ಪೊಲೀಸರು ಬರ್ತಾರೆ. ಕದ್ದವನು ಯಾರು, ಆಯ್ಕೆ ಯಾರದು? ತಿಂದಿದ್ದು ಇಡೀ ಮನೆ, ಹಸಿದಿದ್ದೂ ಇಡೀ ಮನೆ. 'ನಾನು ಯಾರು' ಅನ್ನೋಕೆ ಅಲ್ಲಿ ಯಾರಿಗೂ ಒಂದು ಖಾಲಿ ಕೋಣೆ ಇಲ್ಲ. ಆದರೂ ಆ ರಾತ್ರಿ ಅವರು ನಗ್ತಾರೆ, ಜಗಳ ಆಡ್ತಾರೆ, ಹುಡುಗಿ ಗೋಡೆ ಮೇಲೆ ನವಿಲು ಬಿಡಿಸ್ತಾಳೆ.

ಮಹಾದೇವ ಮಲಮುಡ್‌ನ ಓದಿ ಹೀಗೆ ಬರೆದ್ರು ಅಂತ ನಾನು ಹೇಳ್ತಿಲ್ಲ. ಅವಮಾನ ಉಂಡ ಎರಡು ಸಮುದಾಯಗಳು ಸಾರ್ತ್ರ್‌ನ ಒಂಟಿ ಮನುಷ್ಯನನ್ನ ಒಪ್ಪಿಕೊಳ್ಳಲಿಲ್ಲ, ಅಷ್ಟೇ. ವ್ಯತ್ಯಾಸನೂ ದೊಡ್ಡದು. ಬೋಬರ್‌ಗೆ ಹೊಣೆಯ ಪಾಠಕ್ಕೆ ಸಾವಿರಾರು ವರ್ಷದ ಗ್ರಂಥ ಇತ್ತು. ಸಾಕವ್ವನ ಕೇರಿಯನ್ನ ಅಕ್ಷರದಿಂದಲೇ ಹೊರಗಿಟ್ಟಿದ್ರು. ಅವಳ ನೀತಿ ಇರೋದು ಮಾತಲ್ಲಿ.

ಅದಕ್ಕೇ 'ಕುಸುಮಬಾಲೆ'ಯ ಭಾಷೆ ಹಾಗಿದೆ. 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಪುಸ್ತಕ ಅರ್ಥ ಆಗಲ್ಲ ಅಂತ ಬೆಂಗಳೂರಿನ ಫ್ರೆಂಡ್ಸ್ ಹೇಳ್ತಾರೆ. ನಂಜನಗೂಡು ಕಡೆಯ ಆಡುಮಾತು, 'ಸಂಬಂಧ' ಅಲ್ಲ, 'ಸಂಬಂಜ'. ಅದರಲ್ಲಿ ಮನೆಮನೆಯ ದೀಪಗಳ ಜೋತಮ್ಮಗಳು ರಾತ್ರಿ ಒಂದು ಕಡೆ ಸೇರಿ, ತಂತಮ್ಮ ಮನೆಯ ಸುದ್ದಿ ಹೇಳ್ಕೋತವೆ. ಕಣ್ಣಲ್ಲಿ ಓದೋಕೆ ಹೋಗ್ಬೇಡಿ. ನಂಜನಗೂಡಿನ ಬಸ್‌ನಲ್ಲಿ ಇಬ್ಬರು ಅಜ್ಜಿಯರು ಮಾತಾಡೋ ಹಾಗೆ, ಜೋರಾಗಿ ಓದಿ.