ಕಾನೂನು ಓದುವ ನಮ್ಮ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಮತ್ತು ಕೋರ್ಟಿನ ಪದಗಳು

ಜತ್ತ ತಾಲೂಕಿನ ಉಮದಿ, ಸಂಖ ಭಾಗದ ಮಕ್ಕಳು ಕನ್ನಡ ಶಾಲೆಯಲ್ಲಿ ಕಲಿತು ಕಾನೂನು ಓದಲು ಹೋದಾಗ ಮೂರು ಭಾಷೆಗಳನ್ನು ಒಟ್ಟಿಗೆ ನಿಭಾಯಿಸಬೇಕಾಗುತ್ತದೆ. ಮನೆಯ ಮಾತು ಕನ್ನಡ. ಮಹಾರಾಷ್ಟ್ರದ ಕೆಳಹಂತದ ನ್ಯಾಯಾಲಯಗಳಲ್ಲಿ ಮರಾಠಿ. ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟುಗಳಲ್ಲಿ ಇಂಗ್ಲಿಷ್. 2025ರ ಆಗಸ್ಟ್ 18ರಿಂದ ಮುಂಬೈ ಹೈಕೋರ್ಟಿನ ಪೀಠ ಕೊಲ್ಹಾಪುರದಲ್ಲಿ ಕೆಲಸ ಆರಂಭಿಸಿದೆ. ಸಾಂಗ್ಲಿ ಜಿಲ್ಲೆಯೂ ಅದರ ವ್ಯಾಪ್ತಿಯಲ್ಲಿದೆ. ಅಲ್ಲಿ ನಿಂತು ವಾದಿಸುವ ವಕೀಲರು ನಮ್ಮ ಊರುಗಳಿಂದಲೂ ಬರಬೇಕಾದರೆ ಕಾನೂನಿನ ಇಂಗ್ಲಿಷ್ ಗಟ್ಟಿಯಾಗಬೇಕು. ಅದಕ್ಕೆ ನೆರವಾಗಲೆಂದು ಕೆಲವು ಮುಖ್ಯ ಅಂಶಗಳನ್ನು ಇಲ್ಲಿ ಕೊಟ್ಟಿದ್ದೇವೆ.

ಗೊತ್ತಿರುವ ಪದಗಳಿಂದ ಆರಂಭಿಸಿ

ಅರ್ಜಿ, ವಕೀಲ, ಜಾಮೀನು, ಜಪ್ತಿ, ಕರಾರು, ವಾರಸು, ಪುರಾವೆ, ಆರೋಪಿ, ವಾದಿ, ಪ್ರತಿವಾದಿ – ಇವು ಅಲ್ಪಸ್ವಲ್ಪ ಉಚ್ಚಾರದ ವ್ಯತ್ಯಾಸದೊಂದಿಗೆ ಕನ್ನಡ, ಮರಾಠಿ ಎರಡರಲ್ಲೂ ಇವೆ. ಅವುಗಳ ಮುಂದೆ ಇಂಗ್ಲಿಷ್ ಪದ ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಆದರೆ ನಮ್ಮ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಎರಡು ಇರಬಹುದು. ಸಾಲ ವಸೂಲಿಗೆ ಸಿವಿಲ್ ಕೋರ್ಟು ಆಸ್ತಿ ಜಪ್ತಿ ಮಾಡಿದರೆ ಅದು 'ಅಟ್ಯಾಚ್‌ಮೆಂಟ್'. ತನಿಖೆಯಲ್ಲಿ ಪೊಲೀಸರು ವಸ್ತು ಜಪ್ತಿ ಮಾಡಿದರೆ 'ಸೀಝರ್'. ಹಾಗೆಯೇ 'ಬಿಡುಗಡೆ' ಎಂಬ ಪದ. ದೋಷಾರೋಪ ಹೊರಿಸುವ ಮೊದಲೇ ಆರೋಪಿಯನ್ನು ಕೈಬಿಟ್ಟರೆ 'ಡಿಸ್ಚಾರ್ಜ್'. ವಿಚಾರಣೆ ನಡೆದು ನಿರ್ದೋಷಿ ಎಂದು ತೀರ್ಪಾದರೆ 'ಅಕ್ವಿಟಲ್'.

'ಶಾಲ್' ಮತ್ತು 'ಮೇ'

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 478ನೇ ಕಲಮು ಜಾಮೀನು ಸಿಗುವ ಅಪರಾಧಗಳದ್ದು. ಅಲ್ಲಿರುವುದು 'ಶಾಲ್ ಬಿ ರಿಲೀಸ್ಡ್'. ಅಂದರೆ ಜಾಮೀನು ಕೊಡಲು ಸಿದ್ಧನಿದ್ದವನನ್ನು ಬಿಡಲೇಬೇಕು, ಅದು ಅವನ ಹಕ್ಕು. ಜಾಮೀನುರಹಿತ ಅಪರಾಧಗಳ 480ನೇ ಕಲಮಿನಲ್ಲಿ 'ಮೇ ಬಿ ರಿಲೀಸ್ಡ್' ಎಂದಿದೆ. ಬಿಡಬಹುದು, ಅದು ಕೋರ್ಟಿನ ವಿವೇಚನೆ. ಒಂದು ಸಹಾಯಕ ಕ್ರಿಯಾಪದದ ಮೇಲೆ ಒಬ್ಬನ ಸ್ವಾತಂತ್ರ್ಯ ನಿಂತಿದೆ. ಹಾಗೆಂದು 'ಶಾಲ್' ಇದ್ದಲ್ಲೆಲ್ಲ ಕಡ್ಡಾಯವೆಂದು ತಿಳಿಯಬಾರದು. ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸುವ ಗಡುವಿನ ಬಗ್ಗೆ ಸಿವಿಲ್ ಸಂಹಿತೆಯಲ್ಲಿ 'ಶಾಲ್' ಇದ್ದರೂ, ಕೈಲಾಸ್ ವಿರುದ್ಧ ನನ್ಹಕು ಪ್ರಕರಣದಲ್ಲಿ (2005) ಸುಪ್ರೀಂ ಕೋರ್ಟು ಅದು ನಿರ್ದೇಶನ ಸ್ವರೂಪದ್ದು, ಕಡ್ಡಾಯವಲ್ಲ ಎಂದು ಹೇಳಿತು.

'ಸೆಲ್ಸ್' ಮತ್ತು 'ಅಗ್ರೀಸ್ ಟು ಸೆಲ್'

ಜಮೀನಿನ ಕಾಗದಗಳಲ್ಲಿ ಈ ವ್ಯತ್ಯಾಸವನ್ನು ತಪ್ಪದೇ ನೋಡಬೇಕು. 'ಹಿಯರ್‌ಬೈ ಸೆಲ್ಸ್' ಎಂದರೆ ಈ ಪತ್ರದ ಮೂಲಕವೇ ಮಾರುತ್ತಾನೆ. ಇದು ಖರೀದಿ ಪತ್ರದ ಭಾಷೆ. 'ಅಗ್ರೀಸ್ ಟು ಸೆಲ್' ಎಂದರೆ ಮುಂದೆ ಮಾರಲು ಒಪ್ಪಿದ್ದಾನೆ. ಮರಾಠಿಯಲ್ಲಿ ಇದು ಸಾಠೆಖತ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮಿನಂತೆ ಮಾರಾಟದ ಕರಾರು ತಾನಾಗಿಯೇ ಆಸ್ತಿಯಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ಇದನ್ನು ತಿಳಿಯದೆ ಪೂರ್ತಿ ಹಣ ಕೊಟ್ಟ ರೈತ ಹೊಲ ತನ್ನದಾಯಿತೆಂದು ನಂಬಿ ಕೂಡುವ ಅಪಾಯವಿದೆ.

ಉದ್ದ ವಾಕ್ಯ ಬಿಡಿಸುವ ಬಗೆ

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಕರ್ತೃವಿನ ನಂತರ. ಕಾಯ್ದೆಗಳಲ್ಲಿ ಇವೆರಡರ ನಡುವೆ ಷರತ್ತುಗಳು ತುಂಬಿರುತ್ತವೆ. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಕಳವಿನ ವ್ಯಾಖ್ಯೆ ನೋಡಿ. ಕರ್ತೃ 'ಹೂಎವರ್', ಅಂದರೆ ಯಾರೇ ಆಗಲಿ. ಅದರ ಕ್ರಿಯಾಪದ ಬಹಳ ಮುಂದೆ ಬರುವ 'ಮೂವ್ಸ್', ಅಂದರೆ ಸರಿಸುತ್ತಾನೆ. ಈ ಎರಡಕ್ಕೆ ಮೊದಲು ಗೆರೆ ಎಳೆಯಿರಿ. ಉಳಿದದ್ದನ್ನು ಒಂದೊಂದು ಸಾಲಾಗಿ ಬರೆಯಿರಿ: ಅಪ್ರಾಮಾಣಿಕ ಉದ್ದೇಶ, ಚರ ಆಸ್ತಿ, ಇನ್ನೊಬ್ಬರ ಸ್ವಾಧೀನದಿಂದ, ಅವರ ಒಪ್ಪಿಗೆಯಿಲ್ಲದೆ. ಪರೀಕ್ಷೆಯಲ್ಲಿ ಬರೆಯಬೇಕಾದ ಅಪರಾಧದ ಅಂಶಗಳು ಇವೇ. 'ಪ್ರೊವೈಡೆಡ್ ದ್ಯಾಟ್' ಕಂಡರೆ ಅಲ್ಲಿಂದ ಸಾಮಾನ್ಯವಾಗಿ ವಿನಾಯಿತಿ ಅಥವಾ ಷರತ್ತು ಆರಂಭವಾಗುತ್ತದೆ ಎಂದು ತಿಳಿಯಿರಿ.

ದಿನಕ್ಕೊಂದು ಕಲಮನ್ನು ಹೀಗೆ ಬಿಡಿಸಿ, ಅದರ ಅರ್ಥವನ್ನು ಮೊದಲು ಕನ್ನಡದಲ್ಲಿ ಬರೆದು ನೋಡಿ. ನಮ್ಮ ಮಾತಿನಲ್ಲಿ ಸ್ಪಷ್ಟವಾಗಿ ಹೇಳಲು ಬಂದರೆ ಕಲಮು ತಿಳಿದಿದೆ ಎಂದೇ ಅರ್ಥ. ಗಡಿ ಊರುಗಳಲ್ಲಿ ವಕೀಲಿ ಮಾಡುತ್ತಿರುವ ನಮ್ಮ ಸದಸ್ಯರು ತಮ್ಮ ಸುತ್ತಲಿನ ವಿದ್ಯಾರ್ಥಿಗಳಿಗೆ ವಾರಕ್ಕೊಂದು ತಾಸು ಕೊಟ್ಟು ಇದನ್ನು ಹೇಳಿಕೊಡಬೇಕೆಂದು ಕೋರುತ್ತೇವೆ.