ಘಟ್ಟದ ಮೇಲಿನ ಆಫ್ರಿಕಾ

(ಫೆಬ್ರವರಿ 8, ಸಂತ ಜೋಸೆಫಿನ್ ಬಖೀತಾ ಹಬ್ಬದ ಚಿಂತನೆ)



ಆಫ್ರಿಕಾದ ಮಿಷನ್ ಎಂದೊಡನೆ ನಮ್ಮ ಕಣ್ಮುಂದೆ ಬರುವುದು ದೂರದ ಖಂಡ. ಹಡಗು ಹತ್ತಿ ಹೋದ ಗುರುಗಳು, ಮರದ ಕೆಳಗೆ ಅಕ್ಷರ ಕಲಿಸುವ ಧರ್ಮಭಗಿನಿಯರು, ಮದ್ದಿಗಾಗಿ ಮಗುವನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತ ತಾಯಂದಿರು. ಗುಲಾಮರ ವ್ಯಾಪಾರವನ್ನು ಕೊನೆಗಾಣಿಸಲೆಂದು ಜಗದ್ಗುರು 13ನೇ ಲಿಯೋ ಅವರು 1890ರಲ್ಲಿ ಮೂರುರಾಯರ ಹಬ್ಬದಂದು ಆಫ್ರಿಕಾಕ್ಕಾಗಿ ಕಾಣಿಕೆ ಎತ್ತುವ ಕ್ರಮವನ್ನು ಜಾರಿಗೆ ತಂದರು. ಆದರೆ ಭಟ್ಕಳ, ಹೊನ್ನಾವರ, ಕುಮಟೆಯ ನಮಗೆ ಆಫ್ರಿಕಾ ಅಷ್ಟು ದೂರವಿಲ್ಲ. ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ದಾಟಿ ಮುಂದೆ ಸಾಗಿದರೆ ಮುಂಡಗೋಡ, ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ಆಫ್ರಿಕಾ ಮೂಲದ ನಮ್ಮ ಸಿದ್ದಿ ಬಂಧುಗಳ ಮನೆಗಳು ಸಿಗುತ್ತವೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ನಮ್ಮಂತೆಯೇ ಜಪಮಾಲೆ ಹಿಡಿಯುವ ಕಥೋಲಿಕರೂ ಇದ್ದಾರೆ. ಅವರ ಧರ್ಮಪ್ರಾಂತ್ಯವೂ ನಮ್ಮದೇ ಆದ ಕಾರವಾರ.

ಇಂದು ನಾವು ಸ್ಮರಿಸುವ ಸಂತ ಬಖೀತಾ ಸುಮಾರು 1869ರಲ್ಲಿ ಸುಡಾನಿನ ದಾರ್ಫುರ್ ಪ್ರದೇಶದಲ್ಲಿ ಹುಟ್ಟಿದವರು. ಬಾಲಕಿಯಾಗಿದ್ದಾಗಲೇ ಅವರನ್ನು ಅಪಹರಿಸಿ ಮಾರಲಾಯಿತು. ಭಯದಿಂದ ಆ ಮಗು ತನ್ನ ಹೆಸರನ್ನೇ ಮರೆತುಬಿಟ್ಟಿತು. ‘ಬಖೀತಾ’, ಅಂದರೆ ಭಾಗ್ಯವಂತೆ ಎಂಬುದು ಅಪಹರಿಸಿದವರೇ ಇಟ್ಟ ಹೆಸರು. ಕೈಯಿಂದ ಕೈಗೆ ಮಾರಾಟವಾಗಿ, ಮೈತುಂಬ ಗಾಯದ ಕಲೆ ಹೊತ್ತು ಅವರು ಇಟಲಿ ಸೇರಿದರು. 1889ರಲ್ಲಿ ವೆನಿಸ್ ನಗರದ ನ್ಯಾಯಾಲಯ ಅವರು ಯಾರ ಸೊತ್ತೂ ಅಲ್ಲವೆಂದು ತೀರ್ಪಿತ್ತಿತು. ಮರುವರ್ಷ ಸ್ನಾನದೀಕ್ಷೆ ಪಡೆದು, ಮುಂದೆ ಕನೋಸಾ ಸಭೆಯ ಧರ್ಮಭಗಿನಿಯಾಗಿ, 1947ರಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. 2000ದ ಅಕ್ಟೋಬರ್ 1ರಂದು ಜಗದ್ಗುರು 2ನೇ ಜಾನ್ ಪೌಲರು ಅವರಿಗೆ ಸಂತ ಪದವಿ ನೀಡಿದರು.

ಬಖೀತಾಳನ್ನು ಕಾಪಾಡಲು ಒಂದು ನ್ಯಾಯಾಲಯವಿತ್ತು. ನಮ್ಮ ಸಿದ್ದಿಗಳ ಪೂರ್ವಿಕರಿಗೆ ಇದ್ದದ್ದು ಕಾಡು ಮಾತ್ರ.

ಆ ಚರಿತ್ರೆಯನ್ನು ಸ್ವಲ್ಪ ನೆನೆಯೋಣ. ಅರಬ್ಬಿ ಸಮುದ್ರದ ವ್ಯಾಪಾರ ನಮ್ಮ ಊರುಗಳಿಗೆ ಹೊಸದಲ್ಲ. ಭಟ್ಕಳ ವಿಜಯನಗರದ ಅರಸರಿಗೆ ಕುದುರೆ ಇಳಿಸಿಕೊಡುತ್ತಿದ್ದ ಬಂದರು. ಹೊನ್ನಾವರದ ಕೋಟೆಯನ್ನು ಪೋರ್ಚುಗೀಸರು 1569ರಲ್ಲಿ ಗೆದ್ದು ಮೆಣಸಿನ ವ್ಯಾಪಾರಕ್ಕೆ ಕಾವಲು ಇಟ್ಟರು. ಅದೇ ಸಮುದ್ರದಲ್ಲಿ ಮನುಷ್ಯರೂ ಸರಕಾಗಿದ್ದರು. ಅರಬ್ ವರ್ತಕರು ಮೊದಲೇ ತಂದ ಆಫ್ರಿಕನ್ನರು ದಖ್ಖನಿನ ಸುಲ್ತಾನರ ಸೇನೆಗಳಲ್ಲಿದ್ದರು. ಅವರಲ್ಲೊಬ್ಬನಾದ ಮಲಿಕ್ ಅಂಬರ್ ಅಹಮದ್‌ನಗರ ರಾಜ್ಯವನ್ನೇ ಆಳಿದ. ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಆಫ್ರಿಕನ್ನರನ್ನು ಗೋವೆಗೆ ತಂದು ಮನೆಗೆಲಸಕ್ಕೂ ಪಲ್ಲಕ್ಕಿ ಹೊರಲಿಕ್ಕೂ ಇಟ್ಟುಕೊಂಡರು. ಅವರಲ್ಲಿ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಗೋವೆಯ ಗಡಿ ದಾಟಿ ಉತ್ತರ ಕನ್ನಡದ ದಟ್ಟ ಕಾಡು ಸೇರಿದರು. ಕಥೋಲಿಕ ಸಿದ್ದಿಗಳ ಪೋರ್ಚುಗೀಸ್ ಮೂಲದ ಹೆಸರುಗಳೂ ಅವರ ಮನೆಮಾತಾದ ಕೊಂಕಣಿಯೂ ಈ ದಾರಿಯನ್ನು ಇಂದಿಗೂ ಹೇಳುತ್ತವೆ.

ಇಲ್ಲಿ ಒಂದು ಕಹಿ ಸತ್ಯವನ್ನು ನುಂಗಿಕೊಳ್ಳಬೇಕು. ಅವರನ್ನು ಕೊಂಡವರಲ್ಲಿ ಅನೇಕರು ಕ್ರೈಸ್ತರು. ಭಾನುವಾರ ಬಲಿಪೂಜೆಗೆ ಹೋಗುತ್ತಿದ್ದ ಮನೆಗಳಲ್ಲೇ ಗುಲಾಮರಿದ್ದರು. ಅವರಿಗೆ ಸ್ನಾನದೀಕ್ಷೆ ದೊರೆಯಿತು, ಬಿಡುಗಡೆ ದೊರೆಯಲಿಲ್ಲ. ಸಂತ ಪೌಲರು ಓಡಿಹೋಗಿದ್ದ ಒನೆಸಿಮನನ್ನು ಫಿಲೆಮೋನನ ಬಳಿಗೆ ಕಳುಹಿಸುವಾಗ, ಇನ್ನು ಮುಂದೆ ಅವನನ್ನು ದಾಸನೆಂದಲ್ಲ, ಸೋದರನೆಂದು ಬರಮಾಡಿಕೊಳ್ಳುವಂತೆ ಬೇಡಿಕೊಂಡಿದ್ದರು. ಆ ಪುಟ್ಟ ಪತ್ರವನ್ನು ಪೀಠದಿಂದ ಓದಿದರೂ ಮನೆಯಲ್ಲಿ ಪಾಲಿಸದ ಶತಮಾನಗಳಿದ್ದವು. ಜಗದ್ಗುರು 16ನೇ ಗ್ರೆಗರಿ 1839ರಲ್ಲಿ ಗುಲಾಮರ ವ್ಯಾಪಾರವನ್ನು ಸ್ಪಷ್ಟವಾಗಿ ಖಂಡಿಸಿದರು. 1992ರಲ್ಲಿ 2ನೇ ಜಾನ್ ಪೌಲರು ಸೆನೆಗಲ್‌ನ ಗೊರೆ ದ್ವೀಪದಲ್ಲಿ, ಗುಲಾಮರನ್ನು ಹಡಗಿಗೆ ಹತ್ತಿಸುತ್ತಿದ್ದ ಸ್ಥಳದಲ್ಲೇ ನಿಂತು, ಕ್ರೈಸ್ತರ ಈ ಪಾಪಕ್ಕಾಗಿ ಕ್ಷಮೆ ಬೇಡಿದರು. ತನ್ನನ್ನು ಅಪಹರಿಸಿದವರು ಎದುರಾದರೆ ಮೊಣಕಾಲೂರಿ ಅವರ ಕೈಗೆ ಮುತ್ತಿಡುವೆನೆಂದು ಬಖೀತಾ ಹೇಳಿದ್ದುಂಟು. ಕ್ಷಮಿಸುವುದು ಆಕೆಯ ದೊಡ್ಡತನ. ಆ ಕ್ಷಮೆಯನ್ನು ನಾವೇ ಹಕ್ಕಿನಿಂದ ಪಡೆದುಕೊಂಡು ನೆಮ್ಮದಿಯಾಗಿರುವಂತಿಲ್ಲ.

ಆದ್ದರಿಂದ ಸಿದ್ದಿಗಳ ನಡುವೆ ಧರ್ಮಸಭೆ ಮಾಡುವ ಶಾಲೆ, ಆರೋಗ್ಯದ ಸೇವೆಯನ್ನು ದಾನವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅದು ಋಣ.

ಋಣ ಎಂಬ ಮಾತು ಸಿದ್ದಿಗಳಿಗೆ ಬೇರೆ ಅರ್ಥದಲ್ಲಿ ಚೆನ್ನಾಗಿ ಗೊತ್ತು. ಕಾಡು ಕಡಿದು ಹೊಲ ಮಾಡಿದವರು ಅವರಾದರೂ ಕಾಗದ ಪತ್ರ ಮತ್ತೊಬ್ಬರ ಹೆಸರಿನಲ್ಲಿರುತ್ತಿತ್ತು. ಮಳೆಗಾಲದಲ್ಲಿ ಮನೆಯಲ್ಲೊಬ್ಬರಿಗೆ ಜ್ವರ ಬಂದರೆ ಒಡೆಯರ ಬಳಿ ಸಾಲ. ಸಾಲ ತೀರಿಸಲು ಜೀತ. ಜೀತ ಮುಗಿಯದಿದ್ದರೆ ಮಗನನ್ನು ಶಾಲೆ ಬಿಡಿಸಿ ದನ ಕಾಯಲು ಕಳುಹಿಸುವುದು. ಓದು ಬಾರದ ಆ ಮಗ ದೊಡ್ಡವನಾದ ಮೇಲೆ ಮತ್ತೊಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತುವನು. ಒಂದು ಜ್ವರ ಎರಡು ತಲೆಮಾರನ್ನು ಕಟ್ಟಿಹಾಕುವ ಬಗೆ ಇದು. ಜೀತ ಪದ್ಧತಿಯನ್ನು ರದ್ದುಗೊಳಿಸಿದ ಕಾನೂನು ಬಂದದ್ದು 1976ರಲ್ಲಿ. ಬೆಳಗಾವಿಯಿಂದ ಬೇರ್ಪಟ್ಟು ನಮ್ಮ ಕಾರವಾರ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದೂ ಅದೇ ವರ್ಷದ ಜನವರಿಯಲ್ಲಿ.

ಹೀಗಾಗಿ ಈ ಕಾಡುಗಳಲ್ಲಿ ಮದ್ದು ಮತ್ತು ಅಕ್ಷರ ಎರಡು ಬೇರೆ ಬೇರೆ ಸೇವೆಗಳಲ್ಲ. ಸಕಾಲಕ್ಕೆ ಸಿಕ್ಕ ಮಾತ್ರೆ ಸಾಲವನ್ನು ತಡೆಯುತ್ತದೆ. ಓದು ಮೋಸದ ಕಾಗದವನ್ನು ತಡೆಯುತ್ತದೆ. ಗುರುಗಳೂ ಧರ್ಮಭಗಿನಿಯರೂ ಇದನ್ನು ಅರಿತು ಕೆಲಸ ಮಾಡಿದರು. ಚದುರಿದ ಮನೆಗಳ ನಡುವೆ ಹಳ್ಳ ತುಂಬಿದಾಗ ಮಕ್ಕಳು ಶಾಲೆ ತಲುಪಲಾರರೆಂದು ವಸತಿನಿಲಯಗಳನ್ನು ತೆರೆದರು. ಮುಂಡಗೋಡದಲ್ಲಿ ಯೇಸುಸಭೆಯವರ ಲೊಯೊಲ ವಿಕಾಸ ಕೇಂದ್ರ ಸಿದ್ದಿಗಳ ಜೊತೆಗೆ ಇತರ ಹಿಂದುಳಿದ ಸಮುದಾಯಗಳ ನಡುವೆಯೂ ದುಡಿಯಿತು. ಸಿದ್ದಿಗಳೂ ಸುಮ್ಮನೆ ಕೈಚಾಚಿ ಕುಳಿತವರಲ್ಲ. 1984ರಲ್ಲಿ ತಮ್ಮದೇ ಅಭಿವೃದ್ಧಿ ಸಂಘ ಕಟ್ಟಿಕೊಂಡು, ಮತಭೇದವಿಲ್ಲದೆ ಒಂದಾಗಿ ಬೇಡಿಕೆ ಇಟ್ಟರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು ಆ ಸಮುದಾಯದ ಮೊದಲ ಶಾಸಕರಾದರು.

ನಡುವೆ ಒಂದು ಪಾಠವೂ ಇದೆ. 1980ರ ದಶಕದ ಕೊನೆಯಲ್ಲಿ ಭಾರತ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟದ ತರಬೇತಿ ನೀಡಿತು. ಕೆಲವರು ಪದಕಗಳನ್ನೂ ಗೆದ್ದರು. ಕೆಲ ವರ್ಷಗಳಲ್ಲಿ ಯೋಜನೆ ನಿಂತಾಗ ಅನೇಕರು ಹಳ್ಳಿಗೆ ಮರಳಿದರು. ಓಡುವ ಕಾಲನ್ನು ಎಲ್ಲರೂ ಕಂಡರು. ಓದಬಲ್ಲ ಕಣ್ಣನ್ನು ಎಷ್ಟು ಮಂದಿ ಕಂಡರು?

ಪ್ರಿಯರೇ, 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತ ಆ ಊರಿನಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ಕಂಡೆನೆಂದು ಬರೆದಿಟ್ಟಿದ್ದಾನೆ. ಕರಾವಳಿಗೆ ಅಕ್ಷರ ಅಷ್ಟು ಹಿಂದಿನಿಂದ ಒಲಿದಿದೆ. 1880ರಲ್ಲಿ ಮಂಗಳೂರಿನಲ್ಲಿ ಯೇಸುಸಭೆಯವರು ಸಂತ ಅಲೋಶಿಯಸ್ ಕಾಲೇಜು ತೆರೆದರು. ಅದೇ ವರ್ಷ ಫಾದರ್ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಬಡವರ ಔಷಧಾಲಯ ಆರಂಭಿಸಿದರು. ಹೊರಗಿನಿಂದ ಬಂದವರು ನಮ್ಮ ಹಿರಿಯರಿಗಾಗಿ ದುಡಿದದ್ದರ ಫಲವನ್ನು ನಾವು ಉಂಡಿದ್ದೇವೆ. ಅದು ಘಟ್ಟ ಹತ್ತಬೇಡವೇ?

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಇಥಿಯೋಪಿಯದ ಅಧಿಕಾರಿಯೊಬ್ಬ ರಥದಲ್ಲಿ ಕುಳಿತು ಯೆಶಾಯನ ಗ್ರಂಥ ಓದುತ್ತಾ ಹೋಗುವ ಪ್ರಸಂಗ ಇದೆ. ಫಿಲಿಪ್ಪನು ದಾರಿಬದಿಯಲ್ಲಿ ನಿಂತು ಬೋಧಿಸಲಿಲ್ಲ. ಓಡಿಹೋಗಿ ರಥ ಹತ್ತಿ ಅವನ ಪಕ್ಕದಲ್ಲಿ ಕುಳಿತನು. ಒಂದು ದಿನದ ವೈದ್ಯಕೀಯ ಶಿಬಿರ ನಡೆಸಿ, ಹಳೆಯ ಬಟ್ಟೆ ಹಂಚಿ, ಫೋಟೋ ತೆಗೆಸಿಕೊಂಡು ಸಂಜೆಗೆ ಘಟ್ಟ ಇಳಿಯುವುದು ಸುಲಭ. ಪಕ್ಕದಲ್ಲಿ ಕುಳಿತುಕೊಳ್ಳಲು ಸಮಯ ಬೇಕು.

ನಮ್ಮ ಧರ್ಮಕೇಂದ್ರದ ಕುಟುಂಬಗಳು ಈ ವರ್ಷ ಇಷ್ಟನ್ನಾದರೂ ಯೋಚಿಸಲಿ. ಒಬ್ಬ ಸಿದ್ದಿ ವಿದ್ಯಾರ್ಥಿಯ ಓದಿನ ಹೊಣೆಯನ್ನು ಒಂದು ವರ್ಷಕ್ಕಲ್ಲ, ಓದು ಮುಗಿಯುವ ತನಕ ಹೊರಬಹುದೇ? ನಮ್ಮಲ್ಲಿರುವ ನರ್ಸುಗಳು, ಶಿಕ್ಷಕರು ಒಮ್ಮೆ ಹೋದ ಹಳ್ಳಿಗೇ ಮತ್ತೆ ಮತ್ತೆ ಹೋಗಬಹುದೇ? ಮುಖ್ಯವಾಗಿ, ನಮ್ಮ ಹಬ್ಬದೂಟಕ್ಕೆ ಒಂದು ಸಿದ್ದಿ ಕುಟುಂಬವನ್ನು ಕರೆದು, ಸೇವೆಗೆ ನಿಲ್ಲಿಸದೆ, ನಮ್ಮ ಮಧ್ಯದಲ್ಲೇ ಎಲೆ ಹಾಕಿ ಕೂರಿಸಬಹುದೇ?

ತನ್ನ ಹೆಸರನ್ನೇ ಕಳೆದುಕೊಂಡ ಮಗುವನ್ನು ಪ್ರಭು ಮಗಳೇ ಎಂದು ಕರೆದನು. ಸಂತ ಬಖೀತಾಳ ಪ್ರಾರ್ಥನೆಯಿಂದ, ಘಟ್ಟದ ಮೇಲಿನವರನ್ನು ಅಣ್ಣ, ಅಕ್ಕ ಎಂದು ಕರೆಯುವ ನಾಲಿಗೆಯನ್ನು ಆತನು ನಮಗೂ ಕರುಣಿಸಲಿ. ಆಮೆನ್.