ಗೋಡೆಯೊಳಗೆ ನುಸುಳಿದ ಕೊಬ್ಬು

ರಕ್ತಪರೀಕ್ಷೆಯ ವರದಿಯಲ್ಲಿ ‘ಎಲ್‌ಡಿಎಲ್’, ‘ಎಚ್‌ಡಿಎಲ್’ ಎಂಬ ಸಾಲುಗಳನ್ನು ಕಂಡು ಗಾಬರಿಯಾಗದವರು ವಿರಳ. ಈ ಅಕ್ಷರಗಳ ಹಿಂದೆ ಬಹುಕಾಲ ನಡೆದ ಒಂದು ವಿವಾದವಿದೆ.

ಅಪಧಮನಿಯ ಗೋಡೆಯಲ್ಲಿ ಶೇಖರವಾಗುವ ಕೊಬ್ಬು ಎಲ್ಲಿಂದ ಬರುತ್ತದೆ? ರಕ್ತದಲ್ಲಿರುವುದೇ ಗೋಡೆಯೊಳಗೆ ಇಂಗುತ್ತದೆ ಎಂದು ಜರ್ಮನಿಯ ರುಡಾಲ್ಫ್ ವಿರ್ಕೋ 1856ರಲ್ಲಿ ವಾದಿಸಿದ. 1913ರಲ್ಲಿ ರಷ್ಯದ ನಿಕೊಲಾಯ್ ಅನಿಚ್‌ಕೋವ್ ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿದ ಕೊಲೆಸ್ಟ್ರಾಲನ್ನು ಮೊಲಗಳಿಗೆ ತಿನ್ನಿಸಿ, ಅವುಗಳ ಅಪಧಮನಿಗಳಲ್ಲಿ ಅದೇ ರೋಗವನ್ನು ತೋರಿಸಿದ. ಆದರೆ ನಾಯಿ, ಇಲಿಗಳಲ್ಲಿ ಈ ಪ್ರಯೋಗ ಫಲಿಸಲಿಲ್ಲ. ಸೊಪ್ಪು ಮೇಯುವ ಮೊಲದ ಕಥೆ ಮನುಷ್ಯನಿಗೇಕೆ ಎಂದು ಅನೇಕರು ಕೈಬಿಟ್ಟರು. ರೋಗ ಬರಿಯ ಮುಪ್ಪಿನ ಲಕ್ಷಣವೆಂಬ ನಂಬಿಕೆಯೇ ಉಳಿಯಿತು.

ಎರಡನೆಯ ಮಹಾಯುದ್ಧದ ನಂತರ ಈ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡವನು ಅಮೆರಿಕದ ಬರ್ಕ್ಲಿಯ ಜಾನ್ ಗಾಫ್‌ಮನ್. ಯುದ್ಧಕಾಲದಲ್ಲಿ ಅಣುಬಾಂಬ್ ಯೋಜನೆಗಾಗಿ ಪ್ಲುಟೋನಿಯಂ ಬೇರ್ಪಡಿಸಿದ್ದ ರಸಾಯನಶಾಸ್ತ್ರಜ್ಞ, ಜೊತೆಗೆ ವೈದ್ಯ. ಕೊಲೆಸ್ಟ್ರಾಲ್ ನೀರಿನಲ್ಲಿ ಕರಗದು. ರಕ್ತದಲ್ಲಿ ಸಾಗಬೇಕಾದರೆ ಪ್ರೋಟೀನಿನ ಹೊದಿಕೆಯುಳ್ಳ ಕಣವನ್ನು ಏರಲೇಬೇಕು. ಹಾಗಾದರೆ ಸರಕನ್ನಷ್ಟೇ ಅಳೆದರೆ ಸಾಲದು, ಗಾಡಿಯನ್ನೂ ನೋಡಬೇಕಲ್ಲವೇ? ರಕ್ತದ ಸೀರಂಗೆ ಉಪ್ಪು ಬೆರೆಸಿ ಸಾಂದ್ರತೆ ಹೆಚ್ಚಿಸಿ, ಅತಿವೇಗವಾಗಿ ತಿರುಗುವ ಅಲ್ಟ್ರಾಸೆಂಟ್ರಿಫ್ಯೂಜ್ ಯಂತ್ರದಲ್ಲಿಟ್ಟ. ಉಳಿದ ಪ್ರೋಟೀನುಗಳು ತಳಕ್ಕಿಳಿದರೆ, ಕೊಬ್ಬು ಹೊತ್ತ ಕಣಗಳು ಕಡೆದ ಮಜ್ಜಿಗೆಯ ಬೆಣ್ಣೆಯಂತೆ ಮೇಲೆ ತೇಲಿದವು. ಗಾತ್ರ, ಸಾಂದ್ರತೆಗಳಿಗೆ ತಕ್ಕಂತೆ ಬೇರೆ ಬೇರೆ ಗುಂಪುಗಳಾದವು. ಒಟ್ಟು ಕೊಲೆಸ್ಟ್ರಾಲ್ ಸಮನಾಗಿದ್ದರೂ ಕಣಗಳ ಗುಂಪು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಹೃದಯಾಘಾತವಾದವರಲ್ಲಿ ಕೆಲವು ಗುಂಪುಗಳೇ ಹೆಚ್ಚು. 1950ರಲ್ಲಿ ಇದನ್ನು ಪ್ರಕಟಿಸಿದ.

ಸಂಶಯ ನಿವಾರಣೆಗೆಂದು ನಾಲ್ಕು ಪ್ರಯೋಗಾಲಯಗಳು ಒಟ್ಟಾಗಿ ಸುಮಾರು 5,000 ಜನರನ್ನು ಪರೀಕ್ಷಿಸಿದವು. 1956ರ ವರದಿಯಲ್ಲಿ ಬಹುಮತದ ತೀರ್ಪು: ದುಬಾರಿ ಯಂತ್ರದ ಅಳತೆಗಿಂತ ಅಗ್ಗದ ಕೊಲೆಸ್ಟ್ರಾಲ್ ಪರೀಕ್ಷೆ ಕಡಿಮೆಯೇನಲ್ಲ. ಗಾಫ್‌ಮನ್ ತಂಡ ಒಪ್ಪದೆ ಭಿನ್ನಮತ ಬರೆಯಿತು. ಬಹುಮತದವರನ್ನು ಪೂರ್ತಿ ದೂರುವಂತಿಲ್ಲ. ಊರೂರಿನ ವೈದ್ಯನ ಮೇಜಿನ ಮೇಲೆ ಅಂಥ ಯಂತ್ರ ಕೂರುವುದು ಹೇಗೆ? ಆದರೂ ಕಣದ ವಿಚಾರ ವರ್ಷಗಟ್ಟಲೆ ಹಿಂದೆ ಬಿತ್ತೆಂಬುದು ಸುಳ್ಳಲ್ಲ. ಗಾಫ್‌ಮನ್ ಮುಂದೆ ವಿಕಿರಣದ ಅಪಾಯಗಳ ಕಡೆ ತಿರುಗಿಕೊಂಡ.

ಎಲ್‌ಡಿಎಲ್ ಕಣವನ್ನು ಜೀವಕೋಶ ಹೇಗೆ ಹಿಡಿದು ಒಳಗೆಳೆದುಕೊಳ್ಳುತ್ತದೆಂದು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಗೋಡೆಯ ಕಡೆಯ ಸಂಗತಿಯೂ ಕ್ರಮೇಣ ತಿಳಿಯಿತು. ಕಣ ರಕ್ತನಾಳದ ಒಳಪದರವನ್ನು ದಾಟುತ್ತದೆ. ಅದರ ‘ಅಪೊ ಬಿ’ ಪ್ರೋಟೀನು ಗೋಡೆಯೊಳಗಿನ ಸಕ್ಕರೆಯುಕ್ತ ಪ್ರೋಟೀನುಗಳಿಗೆ ಅಂಟಿ ಅಲ್ಲೇ ಉಳಿಯುತ್ತದೆ. ಪ್ರತಿ ಎಲ್‌ಡಿಎಲ್ ಕಣಕ್ಕೆ ಅಪೊ ಬಿ ಒಂದೇ. ಆದ್ದರಿಂದ ಈಗ ಅದನ್ನು ಅಳೆದರೆ ಕಣಗಳ ಲೆಕ್ಕ ಸಿಗುತ್ತದೆ, ಗಾಫ್‌ಮನ್ನನ ದೈತ್ಯ ಯಂತ್ರವಿಲ್ಲದೆಯೇ.